ನಿಂತ ಕಾರಿನ ಅತ್ತೆ

ಕಳೆದ ತಿಂಗಳು ಒಂದು ಸಂಜೆ ನಮ್ಮ ಧಾರಾವಾಹಿಯ ವಾಟ್ಸಾಪ್ ಗುಂಪಿನಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಒಂದೇ ಸಾಲು ಹಾಕಿದರು: ‘ಅತ್ತೆ ಹೋಗ್ಬಿಟ್ರು.’ ಅದರ ಕೆಳಗೆ, ಕಲಾ ವಿಭಾಗಕ್ಕೆ ಆಗಷ್ಟೇ ಸೇರಿದ್ದ ಹುಡುಗಿಯ ಪ್ರಶ್ನೆ: ‘ಯಾವ ಎಪಿಸೋಡಲ್ಲಿ ಸರ್? ಫೋಟೋ ಫ್ರೇಮು ದೊಡ್ಡದು ಬೇಕಾ, ಚಿಕ್ಕದಾ?’

ಅವಳನ್ನು ಬೈಯುವಂತಿಲ್ಲ. ನಮ್ಮ ಕಸುಬಿನಲ್ಲಿ ಜನ ಹೋಗುವುದೇ ಹಾಗೆ. ಕಲಾವಿದರಿಗೆ ಸಿನಿಮಾ ಸಿಕ್ಕಿತು, ಡೇಟ್ಸ್ ಹೊಂದಲಿಲ್ಲ, ನಿರ್ದೇಶಕರ ಹತ್ತಿರ ಮಾತಿಗೆ ಮಾತು ಬೆಳೆಯಿತು ಅಂದರೆ ಸಾಕು, ಮಾರನೆಯ ದಿನ ಸೆಟ್ಟಿನ ಹಾಲ್‌ನಲ್ಲಿ ಅವರ ಫೋಟೋ, ಫೋಟೋಗೆ ಗಂಧದ ಹಾರ, ಪಕ್ಕದಲ್ಲಿ ಮಿಣಿಮಿಣಿ ಬಲ್ಬು. ಆ ಹಾರದ ಸೀನನ್ನು ಬರೆಯುವವನು ನಾನು. ಟೈಟಲ್ ಕಾರ್ಡಿನಲ್ಲಿ ಸಂಭಾಷಣೆ ಅಂತ ಹೆಸರು ಬರುತ್ತದೆ, ಶೂಟಿಂಗ್ ಫ್ಲೋರಿನಲ್ಲಿ ಎಲ್ಲರಿಗೂ ‘ರೈಟ್ರು’. ನನ್ನ ಕೈಗೆ ಸಿಕ್ಕಿ ಸತ್ತವರು ತುಂಬ ಜನ.

ಆದರೆ ಈ ಸಲ ಅದು ಎಪಿಸೋಡ್ ಆಗಿರಲಿಲ್ಲ. ಹಲಸೂರಿನ ಮನೆಯಲ್ಲಿ ಮಧ್ಯಾಹ್ನ ಊಟ ಮುಗಿಸಿ, ಹುಳಿಗೆ ಉಪ್ಪು ಕಮ್ಮಿಯಾಯಿತೆಂದು ತಂಗಿಯ ಹತ್ತಿರ ಜಗಳವಾಡಿ, ಗೆದ್ದು, ಮಂಚಕ್ಕೆ ಒರಗಿದ ಅತ್ತೆಯ ಪಾತ್ರದವರು ಕಾಫಿ ಹೊತ್ತಿಗೆ ಏಳಲಿಲ್ಲ. ಅವರಿಗೊಂದು ಒಳ್ಳೆಯ ಹೆಸರಿತ್ತು. ನಾನದನ್ನು ಇಲ್ಲಿ ಹೇಳುವುದಿಲ್ಲ. ಹೆಸರು ಬರೆದರೆ ‘ಇನ್ನೇನು, ಫೋಟೋನೂ ಹಾಕ್ಬಿಡಿ, ಹಾರಾನೂ ಹಾಕ್ಬಿಡಿ’ ಅಂತ ಅವರು ಎದ್ದು ಬಂದಾರು. ಫ್ಲೋರಿನಲ್ಲಿ ಲೈಟಿನವರಿಂದ ಹಿಡಿದು ನಿರ್ಮಾಪಕರವರೆಗೆ ಎಲ್ಲರಿಗೂ ಅವರು ಅತ್ತೆ. ಇಲ್ಲೂ ಹಾಗೇ ಇರಲಿ.

ಟಿ.ವಿ.ಯಲ್ಲಿ ಅತ್ತೆ ಅಂದರೆ ಬೆಂಕಿ. ಸೊಂಟಕ್ಕೆ ಬೀಗದ ಕೈ ಗೊಂಚಲು, ಕಣ್ಣಿಗೆ ಕಾಡಿಗೆ, ಸೊಸೆ ನಕ್ಕರೂ ತಪ್ಪು ಅತ್ತರೂ ತಪ್ಪು. ನಿಜದಲ್ಲಿ ಅವರಿಗೆ ಮದುವೆಯೇ ಆಗಿರಲಿಲ್ಲ. ‘ಗಂಡ ಇಲ್ಲ, ಮಗ ಇಲ್ಲ, ಸೊಸೆಯಂದಿರು ಮಾತ್ರ ಬೇಕಾದಷ್ಟು. ಇಂಥ ಭಾಗ್ಯ ಯಾರಿಗುಂಟು ಹೇಳಿ ರೈಟ್ರೇ?’ ಎನ್ನುತ್ತಿದ್ದರು. ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ತಂತಿ ಜೋಡಿಸುವ ಕೆಲಸದಲ್ಲಿ ವಯಸ್ಸೆಲ್ಲ ಕಳೆದವರು ಅವರು. ಬೆಳಗ್ಗೆ ಫ್ಯಾಕ್ಟರಿ ಬಸ್ಸು, ಸಂಜೆ ಕಾರ್ಖಾನೆಯ ಕನ್ನಡ ಸಂಘದಲ್ಲಿ ನಾಟಕದ ರಿಹರ್ಸಲ್ಲು. ಅಲ್ಲೂ ಅತ್ತೆಯ ಪಾರ್ಟೇ. ‘ಹುಡುಗಿಯಾಗಿದ್ದಾಗ್ಲೇ ತಲೆಗೆ ಪೌಡರ್ ಬಳಿದು ಮುದುಕಿ ಮಾಡ್ಬಿಟ್ರು ನನ್ನ. ಈಗ ನೋಡಿ, ಪೌಡರ್ ಖರ್ಚು ಉಳೀತು.’ ಕಾರ್ಖಾನೆ ಸೊರಗಿ, ಸ್ವಯಂ ನಿವೃತ್ತಿ ಕೊಟ್ಟು ಕಳಿಸಿದ ಮೇಲೆ ಅವರು ಧಾರಾವಾಹಿಗೆ ಬಂದರು.

ಹಲಸೂರು ಮಾರ್ಕೆಟ್ಟಿನ ಹೂವಿನವಳು ಅವರ ಮೇಲೆ ನಿಜವಾಗಿಯೂ ಸಿಟ್ಟು ಮಾಡಿಕೊಂಡಿದ್ದಳು. ‘ಆ ಹುಡುಗೀನ ಅಷ್ಟು ಗೋಳು ಹುಯ್ಕೊಳ್ತೀಯಲ್ಲಮ್ಮ, ನಿಂಗೆ ಹೂವು ಬೇರೆ ಕೇಡು’ ಎಂದು ಮೊಳ ಹಾಕುವಾಗ ಕೈ ಮಡಚುತ್ತಿದ್ದಳಂತೆ. ಇದನ್ನು ಅತ್ತೆ ಬೇಜಾರಿನಿಂದ ಹೇಳುತ್ತಿರಲಿಲ್ಲ, ಪ್ರಶಸ್ತಿ ಬಂದವರಂತೆ ಹೇಳುತ್ತಿದ್ದರು. ಅವರ ತಂಗಿ, ಸ್ಕೂಲು ಟೀಚರಾಗಿ ರಿಟೈರ್ ಆದವರು, ಧಾರಾವಾಹಿಯನ್ನು ಒಂದು ದಿನವೂ ನೋಡಿದವರಲ್ಲ. ಯಾಕೆ ಅಂತ ನಾನೊಮ್ಮೆ ಕೇಳಿದಾಗ, ‘ಮನೇಲಿ ಫ್ರೀಯಾಗಿ ನೋಡ್ತೀನಲ್ಲ’ ಎಂದರು.

ನನಗೂ ಅತ್ತೆಗೂ ಸ್ನೇಹವಾದದ್ದು ಕಾರಿನಲ್ಲಿ. ಪ್ರೊಡಕ್ಷನ್ ಕಾರು ಬೆಳಗ್ಗೆ ಲಿಂಗರಾಜಪುರದಲ್ಲಿ ನನ್ನನ್ನು ಹತ್ತಿಸಿಕೊಂಡು ಹಲಸೂರಿಗೆ ಹೋಗುತ್ತಿತ್ತು. ಮನೆ ಬಾಗಿಲಿಗೆ ಕಾರು ಕಳಿಸುತ್ತೇವೆ ಅಂದರೂ ಅತ್ತೆ ಒಪ್ಪುತ್ತಿರಲಿಲ್ಲ. ಹಿಂದೆ ಫ್ಯಾಕ್ಟರಿ ಬಸ್ಸಿಗೆ ಕಾಯುತ್ತಿದ್ದ ಸ್ಟಾಪಿನಲ್ಲೇ ಬಂದು ನಿಲ್ಲುತ್ತಿದ್ದರು. ನೀಲಿ ಕಾಟನ್ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ, ಬಿಸಿಲಿಗೆ ಹಣೆಗೆ ಅಂಗೈ ಅಡ್ಡ ಹಿಡಿದು, ಬರುವ ಗಾಡಿಗಳನ್ನೆಲ್ಲ ಒಂದೊಂದಾಗಿ ತಪಾಸಣೆ ಮಾಡುತ್ತ. ಹತ್ತಿ ಕೂತರೆ ಕೆ.ಆರ್. ಪುರದ ತೂಗುಸೇತುವೆ ಬರುವವರೆಗೆ ಬಾಯಿಗೆ ಬಿಡುವಿಲ್ಲ. ಬುಟ್ಟಿಯಿಂದ ಕೋಡುಬಳೆ ಬರುತ್ತಿತ್ತು, ಜೊತೆಗೆ ನಾನು ಬರೆದ ಮಾತುಗಳ ಮೇಲೆ ತಕರಾರು. ‘ಇದೇನ್ರಿ ಇದು, “ನಿನ್ನ ಸರ್ವನಾಶ ನಾನು ಕಾಣದೆ ಬಿಡೆನು”? ಯಾವ ಅತ್ತೆ ರೀ ಹಿಂಗೆ ಮಾತಾಡ್ತಾಳೆ? “ನೋಡ್ಕೋತೀನಿ ಕಣೆ” ಅಂದ್ರೆ ಸಾಕು, ಅವಳು ನಡುಗ್ಬೇಕು.’ ನನಗೆ ಉರಿಯುತ್ತಿತ್ತು. ಆದರೆ ಅವರು ‘ನೋಡ್ಕೋತೀನಿ ಕಣೆ’ ಅಂದಾಗ ನಿಜಕ್ಕೂ ಸೊಸೆ ನಡುಗುತ್ತಿದ್ದಳು. ನಾನೂ.

ನಮ್ಮ ಫ್ಲೋರು ಕೆ.ಆರ್. ಪುರ ದಾಟಿದ ಮೇಲೆ, ಒಂದು ಕಾಲಕ್ಕೆ ಗ್ರಾನೈಟ್ ಗೋಡೌನಾಗಿದ್ದ ದೊಡ್ಡ ಶೆಡ್ಡು. ಅಲ್ಲಿಗೆ ಎಲ್ಇಡಿ ಗೋಡೆ ಬಂದದ್ದು ನಮ್ಮ ಧಾರಾವಾಹಿ ಶುರುವಾಗಿ ಸ್ವಲ್ಪ ಕಾಲವಾದ ಮೇಲೆ. ಹಿಂದೆಲ್ಲ ಹಸಿರು ಬಟ್ಟೆ ಕಟ್ಟಿ, ಆಮೇಲೆ ಕಂಪ್ಯೂಟರಿನಲ್ಲಿ ದೃಶ್ಯ ಅಂಟಿಸುತ್ತಿದ್ದರು. ಈಗ ಮಹಡಿ ಎತ್ತರದ, ಅರ್ಧಚಂದ್ರದಂತೆ ಬಾಗಿದ ಗೋಡೆ, ಅದರ ತುಂಬ ಬೆಳಕಿನ ಹಲಗೆಗಳು. ಮೊದಲೇ ಶೂಟ್ ಮಾಡಿಟ್ಟ ರಸ್ತೆಯೋ ನದಿಯೋ ಅದರ ಮೇಲೆ ಓಡುತ್ತದೆ. ಹಾಗೆ ಶೂಟ್ ಮಾಡಿಟ್ಟದ್ದಕ್ಕೆ ಪ್ಲೇಟ್ ಅನ್ನುತ್ತಾರೆ. ಅದರ ಮುಂದೆ ಕಾರು ನಿಲ್ಲಿಸಿ ಕಲಾವಿದರನ್ನು ಕೂರಿಸಿದರೆ, ರಸ್ತೆಯ ಬೆಳಕು ಅವರ ಮುಖದ ಮೇಲೆ, ಕಾರಿನ ಗಾಜಿನ ಮೇಲೆ ಹರಿದುಹೋಗುತ್ತದೆ. ನೋಡುವವರಿಗೆ ಕಾರು ಓಡಿದಂತೆಯೇ. ಓಲ್ಡ್ ಮದ್ರಾಸ್ ರೋಡಿನಲ್ಲಿ ಪರ್ಮಿಷನ್ನಿಗೆ ಅಲೆದು, ಸೇರಿದ ಜನರಿಗೆ ಕೈ ಮುಗಿದು ಶೂಟ್ ಮಾಡುವ ಗೋಳು ತಪ್ಪಿತು. ಒಂದೇ ಕೊರತೆ: ಅಷ್ಟು ದುಡ್ಡು ಸುರಿದ ಗೋಡೆಗೂ ಬೆಂಗಳೂರಿನ ಗುಂಡಿ ಮಾಡಲು ಬರುವುದಿಲ್ಲ. ಅದಕ್ಕೆ ಇಬ್ಬರು ಕಾರಿನ ಬಂಪರಿನ ಕೆಳಗೆ ಮರದ ಪಟ್ಟಿ ತೂರಿಸಿಕೊಂಡು ಕೂತು ಆಗಾಗ ಕಾರನ್ನು ಅಲುಗಿಸುತ್ತಾರೆ.

ಗೋಡೆಯನ್ನು ನಡೆಸುವವರು ಇಮ್ತಿಯಾಜ್. ಶಿವಾಜಿನಗರದವರು. ಮದುವೆ, ಮೆರವಣಿಗೆ, ರಾಜಕೀಯ ಸಭೆ ಅಂತ ಎಲ್ಇಡಿ ಪರದೆ ಬಾಡಿಗೆಗೆ ಕೊಡುತ್ತಿದ್ದ ಮನೆಯವರು. ಹೊಸ ವಿದ್ಯೆ ಕಲಿತು ಇಲ್ಲಿಗೆ ಬಂದಿದ್ದರು. ಅವರದ್ದು ಒಂದೇ ಕಾನೂನು, ಗೋಡೆಯನ್ನು ಯಾರೂ ಮುಟ್ಟಬಾರದು. ಆಯುಧಪೂಜೆಯ ದಿನ ಅತ್ತೆ ಕುಂಕುಮದ ಬಟ್ಟಲು ಹಿಡಿದು ಗೋಡೆಯ ಕಡೆ ಹೊರಟಾಗ ಇಮ್ತಿಯಾಜ್ ಓಡಿಬಂದು ಅಡ್ಡ ನಿಂತರು.

‘ನಕ್ಕೋ ಅತ್ತೆ, ಬೇಡ! ಕುಂಕುಮ ಒಳಗೆ ಹೋದ್ರೆ ಪಿಕ್ಸೆಲ್ ಸಾಯ್ತದೆ.’

‘ಕ್ಯಾಮೆರಾಗೆ ಇಟ್ಟಿದೀವಿ, ಜನರೇಟರಿಗೆ ಇಟ್ಟಿದೀವಿ, ಟೀ ಫ್ಲಾಸ್ಕಿಗೂ ಇಟ್ಟಿದೀವಿ. ಅನ್ನ ಕೊಡೋ ಗೋಡೇನ ಹಂಗೇ ಬೋಳು ಬಿಡಕ್ಕಾಗತ್ತೇನಪ್ಪ?’

ಇಮ್ತಿಯಾಜ್ ಒಂದು ಗಳಿಗೆ ಯೋಚಿಸಿ ಕಂಪ್ಯೂಟರಿನ ಮುಂದೆ ಕೂತು ಏನೋ ಒತ್ತಿದರು. ಗೋಡೆಯ ನಟ್ಟನಡುವೆ ಕಾರಿನ ಚಕ್ರದಷ್ಟು ದೊಡ್ಡ ಕೆಂಪು ಬೊಟ್ಟು ಮೂಡಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ‘ಇದೇನು, ಟ್ರಾಫಿಕ್ ಸಿಗ್ನಲ್ಲಾ? ಚಿಕ್ಕದು ಮಾಡು. ಅರಿಶಿನ ಎಲ್ಲಿ?’ ಬೊಟ್ಟು ಚಿಕ್ಕದಾಯಿತು, ಕೆಳಗೆ ಅರಿಶಿನವೂ ಬಂತು. ‘ಹಾಂ, ಈಗ ಲಕ್ಷಣವಾಗಿದೆ’ ಎಂದು ಅತ್ತೆ ದೂರದಿಂದಲೇ ಆರತಿ ಎತ್ತಿದರು. ಅವತ್ತಿನಿಂದ ಇಬ್ಬರಿಗೂ ಭಾರಿ ದೋಸ್ತಿ.

ಪ್ಲೇಟ್ ಮುಗಿದರೆ ಮತ್ತೆ ಮೊದಲಿನಿಂದ ಓಡುತ್ತದಲ್ಲ, ಅದು ಅತ್ತೆಗೆ ಬಹಳ ಮಜಾ. ಹೈವೇಯ ಪ್ಲೇಟಿನಲ್ಲಿ ಹಿಂದಿನ ಸೀಟಿಗೆ ಹಲಸಿನಹಣ್ಣು ಕಟ್ಟಿಕೊಂಡ ಬೈಕಿನವನೊಬ್ಬ ಬರುತ್ತಿದ್ದ. ಎರಡು ಶಾಟಿನ ನಡುವೆ ಅವನು ಕಂಡರೆ ಸಾಕು, ‘ಬಂದ ನೋಡಿ ಹಲಸಿನಹಣ್ಣು. ಪಾಪ, ಇವ್ನಿನ್ನೂ ಮನೆ ಸೇರಿಲ್ಲ’ ಎನ್ನುತ್ತಿದ್ದರು. ಫ್ಲೋರೆಲ್ಲ ನಗುತ್ತಿತ್ತು.

ಹಾಗೆ ನಗಿಸುತ್ತಿದ್ದವರು ಒಂದು ದಿನ ಕಾರಿನ ಸೀನು ಮುಗಿದ ಮೇಲೆ ಕಾಣಿಸಲಿಲ್ಲ. ಹೊಸ ಡೈಲಾಗು ಕೊಡಬೇಕಿತ್ತು, ಹುಡುಕಿಕೊಂಡು ಹೋದೆ. ಮೇಕಪ್ ಕೋಣೆಯಲ್ಲಿ ಕಣ್ಣು ಮುಚ್ಚಿ, ಗೋಡೆಗೆ ತಲೆ ಆನಿಸಿ, ನಿಂಬೆಹಣ್ಣು ಮೂಸುತ್ತ ಕೂತಿದ್ದರು. ಹಣೆಯ ಮೇಲೆ ಬೆವರು.

‘ಬಾಗ್ಲು ಹಾಕಿ ರೈಟ್ರೇ’ ಎಂದರು. ಹಾಕಿದೆ. ‘ತಲೆ ತಿರುಗತ್ತೆ. ಈ ಗೋಡೆ ಬಂದಾಗಿಂದ. ದಿನಾ ನಿಮ್ ಜೊತೆ ಕಾರಲ್ಲಿ ಬರ್ತೀನಿ, ಏನಾದ್ರೂ ಆಗತ್ತಾ? ಇಲ್ಲ. ಈ ನಿಂತ ಕಾರಲ್ಲಿ ಕೂತ್ರೆ ಹೊಟ್ಟೆ ತೊಳಸಿ ಬರತ್ತೆ.’

ನನಗೆ ಗಾಬರಿಯಾಯಿತು. ಡಾಕ್ಟರಿಗೆ ತೋರಿಸಿ ಎಂದೆ.

‘ತೋರಿಸ್ದೆ. ಎಲ್ಲಾ ಟೆಸ್ಟೂ ಮಾಡಿದ್ರು. ಏನೂ ಇಲ್ವಂತೆ. ಕಣ್ಣು ಓಡ್ತಿದೀವಿ ಅನ್ನತ್ತೆ, ಮೈ ಇಲ್ಲ ನಿಂತಿದೀವಿ ಅನ್ನತ್ತೆ, ಎರಡಕ್ಕೂ ಜಗಳ ಅಂದ್ರು. ಅತ್ತೆ ಸೊಸೆ ಜಗಳಕ್ಕಿಂತ ಜೋರು ನೋಡಿ ಇದು.’ ನಗಲು ಹೋಗಿ ಮತ್ತೆ ನಿಂಬೆಹಣ್ಣನ್ನು ಮೂಗಿಗೆ ಹಿಡಿದರು. ‘ಡೈರೆಕ್ಟರಿಗೆ ಹೇಳ್ಬೇಡಿ. ಹೇಳಿದ್ರೆ ನನ್ ಫೋಟೋಗೆ ಹಾರ ಹಾಕ್ತಾರೆ.’

‘ಒಂದಷ್ಟು ದಿನ ಮನೇಲಿ ಆರಾಮಾಗಿರಿ ಅತ್ತೆ’ ಎಂದೆ. ಬುದ್ಧಿ ಹೇಳುವ ಧಾಟಿಯಲ್ಲೇ ಹೇಳಿದೆ.

‘ಮನೇಲಿ ಕೂತ್ರೆ ನಾನ್ಯಾರ್ರಿ? ಬ್ಯಾಂಕಲ್ಲಿ ಅಜ್ಜಿ ಅಂತಾರೆ. ಬಸ್ಸಲ್ಲಿ ಅಜ್ಜಿ ಅಂತಾರೆ. ಮೊನ್ನೆ ಮೆಟ್ರೋದಲ್ಲಿ ಒಬ್ಬ ಸೀಟ್ ಬಿಟ್ಕೊಟ್ಟ, ನನ್ ಮುಖ ಕೂಡ ನೋಡ್ಲಿಲ್ಲ. ಇಲ್ಲಿ ಬಾಗ್ಲು ತೆಗೆದ್ರೆ “ಅತ್ತೆ ಬಂದ್ರು” ಅಂತ ಸಿಗರೇಟ್ ಹಿಂದಕ್ಕೆ ಬಚ್ಚಿಟ್ಕೋತಾರೆ. ಅದನ್ನ ಬಿಟ್ಟು ಹೋಗಂತೀರಾ?’ ಅವರ ದನಿ ಒಡೆಯಿತು. ಅವರ ದನಿ ಒಡೆದದ್ದನ್ನು ನಾನು ಸೀನಿನಲ್ಲಿ ಬೇಕಾದಷ್ಟು ಸಲ ಕೇಳಿದ್ದೆ, ಇದು ಹಾಗಿರಲಿಲ್ಲ. ‘ಸತ್ತ ಮೇಲೆ ಹಾರ ಇದ್ದೇ ಇದೆ. ಮುಂಚೇನೇ ರಿಹರ್ಸಲ್ ಯಾಕೆ ಹೇಳಿ?’

ನಾನು ಯಾರಿಗೂ ಹೇಳಲಿಲ್ಲ. ಆದರೆ ಕ್ಯಾಮೆರಾ ಹಿಂದೆ ಕೂತವನಿಗೆ ಕಣ್ಣಿರುತ್ತದಲ್ಲ. ಅತ್ತೆ ಕಾರಿನಲ್ಲಿ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿಯುವುದನ್ನೂ ಕಿಟಕಿಯ ಕಡೆ ನೋಡದೆ ಮಾತು ಮುಗಿಸುವುದನ್ನೂ ನಿರ್ದೇಶಕ ಗಮನಿಸಿದ್ದ. ಒಂದು ಮಧ್ಯಾಹ್ನ ನನ್ನನ್ನು ಪಕ್ಕಕ್ಕೆ ಕರೆದ. ಹುಡುಗ ವಯಸ್ಸು, ಕೆಟ್ಟವನಲ್ಲ. ದಿನ ಬೆಳಗಾದರೆ ಒಂದು ಎಪಿಸೋಡ್ ಕೊಡಬೇಕಾದವನ ಕಷ್ಟ ಅವನಿಗೇ ಗೊತ್ತು.

‘ಸರ್, ಮುಂದಿನ ವಾರ ಕಾರಲ್ಲಿ ದೊಡ್ಡ ಸೀನಿದೆ. ಅತ್ತೆ ಸೊಸೆ ಹತ್ರ ಕ್ಷಮೆ ಕೇಳೋದು. ಚಾನೆಲ್‌ನವರು ಅದನ್ನೇ ಕಾಯ್ತಿದಾರೆ. ನಂಗೆ ಒಂದೇ ಶಾಟಲ್ಲಿ ಬೇಕು, ಕಿಟಕಿ ಕಡೆ ನೋಡ್ಕೊಂಡು. ಅವರ ಕೈಲಿ ಆಗ್ಲಿಲ್ಲ ಅಂದ್ರೆ ಕಾಶಿಗೆ ಕಳಿಸಿ ಅಲ್ಲೇ ಮುಗಿಸ್ಬಿಡೋಣ. ಆ ಸೀನೂ ಒಂದು ಬರೆದಿಟ್ಟಿರಿ.’

‘ಸರಿ’ ಎಂದೆ. ಬರೆಯಲಿಲ್ಲ. ಎರಡು ದಿನ ಬಿಟ್ಟು ಕೇಳಿದಾಗ ಬರೆದಾಯ್ತು ಎಂದು ಸುಳ್ಳು ಹೇಳಿದೆ. ಇವತ್ತಿಗೂ ಆ ಸುಳ್ಳಿನ ಬಗ್ಗೆ ನನಗೆ ಒಂಚೂರೂ ಬೇಜಾರಿಲ್ಲ.

ನಿರ್ದೇಶಕ ಕರೆದು ಹೇಳಿದ ಮಾರನೆಯ ಬೆಳಗ್ಗೆಯೇ ಕಾರಿನಲ್ಲಿ ಅತ್ತೆಗೆ ಇರುವುದನ್ನು ಇದ್ದ ಹಾಗೆ ಹೇಳಿದೆ. ಬೈಯಪ್ಪನಹಳ್ಳಿ ಬರುವವರೆಗೆ ಬುಟ್ಟಿಯಿಂದ ಕೋಡುಬಳೆ ಹೊರಗೆ ಬರಲಿಲ್ಲ. ಮೆಟ್ರೋ ಸ್ಟೇಷನ್ ದಾಟುವಾಗ ಇದ್ದಕ್ಕಿದ್ದಂತೆ, ‘ಈಗ ಒಂದು ಗುಂಡಿ ಬರತ್ತೆ’ ಎಂದರು. ಬಂತು. ‘ಈಗ ಬ್ರೇಕ್ ಹಾಕ್ತಾನೆ ನೋಡಿ.’ ಡ್ರೈವರ್ ಬ್ರೇಕ್ ಹಾಕಿದ. ಅತ್ತೆ ನನ್ನ ಕಡೆ ತಿರುಗಿದರು, ಮುಖ ಬೆಳಗಿತ್ತು.

‘ರೈಟ್ರೇ, ನನಗೆ ಈ ರಸ್ತೇಲಿ ತಲೆ ತಿರುಗಲ್ಲ ಯಾಕೆ ಗೊತ್ತಾ? ಫ್ಯಾಕ್ಟರಿ ಬಸ್ಸಲ್ಲಿ ಕಣ್ಮುಚ್ಚಿ ಓಡಾಡಿದ ರಸ್ತೆ ಇದು. ಮುಂದೇನು ಬರತ್ತೆ ಅಂತ ಮೈಗೆ ಗೊತ್ತು. ಆ ಗೋಡೆ ಮೇಲಿನ ಹೈವೇ ಯಾವೂರದೋ ಏನೋ, ಯಾರಿಗೆ ಗೊತ್ತು! ಸೀನಲ್ಲಿ ಅತ್ತೆ ಸೊಸೆ ಆಸ್ಪತ್ರೆಯಿಂದ ಮನೆಗೆ ಹೋಗೋದು ತಾನೆ? ಹಲಸೂರ ಮೇಲೆ ಹೋಗ್ಲಿ. ಇಮ್ತಿಯಾಜ್‌ಗೆ ನಾನು ಹೇಳ್ತೀನಿ.’

ಹೇಳಿದರು. ಇಮ್ತಿಯಾಜ್ ‘ಅಷ್ಟೇನಾ ಅತ್ತೆ’ ಅಂದರು. ಭಾನುವಾರ ಬೆಳಗ್ಗೆ ರಸ್ತೆ ಖಾಲಿಯಿರುವಾಗ ಕಾರಿನ ಸುತ್ತ ಕ್ಯಾಮೆರಾ ಕಟ್ಟಿಕೊಂಡು ಹಲಸೂರಿನಿಂದ ಬೈಯಪ್ಪನಹಳ್ಳಿಯವರೆಗೆ ಹೋಗಿ ಪ್ಲೇಟ್ ತೆಗೆದುಕೊಂಡು ಬಂದರು. ಹೊರಡುವ ಮುಂಚೆ ಅತ್ತೆಗೆ ಕಟ್ಟುನಿಟ್ಟಾಗಿ ಹೇಳಿದ್ದರು: ನೀವು ರಸ್ತೆ ಕಡೆ ಬರಬಾರದು, ಬಂದು ಕ್ಯಾಮೆರಾ ನೋಡಬಾರದು. ‘ಅಯ್ಯೋ, ನಾನ್ಯಾಕೆ ಬರ್ಲಿ, ನಂಗೆ ಬೇರೆ ಕೆಲಸ ಇಲ್ವಾ?’ ಅಂದಿದ್ದರು ಅತ್ತೆ.

ಶಾಟಿನ ದಿನ ಅವರು ನೆಟ್ಟಗೆ ಮರದ ಪಟ್ಟಿ ಹಿಡಿದ ಇಬ್ಬರ ಹತ್ತಿರ ಹೋದರು. ‘ನೋಡ್ರಪ್ಪ, ನೀವು ಸುಮ್ಸುಮ್ನೆ ಅಲ್ಲಾಡಿಸ್ತೀರಾ, ನನ್ ಕಣ್ಣಿಗೆ ಗುಂಡಿ ಎಲ್ಲೋ, ಮೈಗೆ ಗುಂಡಿ ಎಲ್ಲೋ. ಇವತ್ತು ನಾನು “ಹೂಂ” ಅಂದಾಗ ಎತ್ತಿ. ನನ್ ಹೂಂ ಇಲ್ದೆ ಎತ್ತಂಗಿಲ್ಲ.’ ಅವರು ತಲೆಯಾಡಿಸಿದರು. ಸೊಸೆಯ ಪಾತ್ರದ ಹುಡುಗಿ ಪಕ್ಕದಲ್ಲಿ ಕೂತಳು. ಮುಂದಿನ ಸೀಟಿನಲ್ಲಿ ಡ್ರೈವರ್ ಪಾತ್ರದವನು. ಗೋಡೆ ಹತ್ತಿಕೊಂಡಿತು. ಹಲಸೂರು ಬಂತು.

ಬಾಗಿಲು ಹಾಕಿದ ಅಂಗಡಿಗಳು, ಇಡ್ಲಿ ಹೋಟೆಲಿನ ಮುಂದೆ ನಿಂತ ನಾಲ್ಕು ಜನ, ಹಾಲಿನ ಬಂಡಿ. ನಾನು ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದೆ.

‘ನಿನಗೆ ನಾನು ತುಂಬಾ ನೋವು ಕೊಟ್ಟೆ ಕಣಮ್ಮ’ ಎಂದು ಅತ್ತೆ ಶುರು ಮಾಡಿದರು. ‘ಹೂಂ’ ಎಂದರು, ಕಾರು ಹಾರಿತು. ಕಿಟಕಿಯಲ್ಲಿ ಹಂಪು. ನಾನು ಬರೆದ ಮಾತಿನ ನಡುವೆ ಅವರ ಹೂಂಗಳು ಎಷ್ಟು ಚೆನ್ನಾಗಿ ಕೂತವೆಂದರೆ, ಹೇಳಲಾಗದ್ದನ್ನು ಹೇಳಲು ಹೊರಟ ಹೆಂಗಸು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿರುವಂತೆ ಕೇಳಿಸಿತು. ಅವರ ಕೈ ಸೀಟಿನ ಅಂಚಿನಲ್ಲಿರಲಿಲ್ಲ, ಮಡಿಲಲ್ಲಿತ್ತು. ಮುಖ ಕಿಟಕಿಯ ಕಡೆಗಿತ್ತು.

ಇದ್ದಕ್ಕಿದ್ದಂತೆ ಮಾತು ನಿಂತಿತು. ಅವರ ಕಣ್ಣು ಅಗಲವಾಯಿತು. ಮುಗಿಯಿತು ಅಂದುಕೊಂಡೆ, ತಲೆ ತಿರುಗಿತು, ಕಾಶಿಯೇ ಗತಿ. ಗೋಡೆಯ ಕಡೆ ನೋಡಿದೆ. ಬಸ್ ಸ್ಟಾಪು ಬರುತ್ತಿತ್ತು. ಸ್ಟಾಪಿನಲ್ಲಿ ನೀಲಿ ಕಾಟನ್ ಸೀರೆ, ಕೈಯಲ್ಲಿ ವೈರಿನ ಬುಟ್ಟಿ, ಹಣೆಗೆ ಅಂಗೈ ಅಡ್ಡ.

ರೇಷ್ಮೆ ಸೀರೆಯಲ್ಲಿ ಕಾರಿನೊಳಗೆ ಕೂತ ಅತ್ತೆ, ಬಸ್ ಸ್ಟಾಪಿನಲ್ಲಿ ನಿಂತ ತಮ್ಮನ್ನೇ ನೋಡುತ್ತ ಮೆಲ್ಲಗೆ ಹೇಳಿದರು: ‘ನೋಡು ಆ ಹೆಂಗಸನ್ನ. ಪಾಪ, ಎಷ್ಟೊತ್ತಿಂದ ನಿಂತಿದಾಳೋ. ನಾನೂ ಹಂಗೇ ನಿಂತಿದ್ದೆ ಕಣಮ್ಮ, ನೀನು ಬಂದು ಅತ್ತೆ ಅಂತ ಕರೆಯೋವರ್ಗೂ.’

ಇದು ನಾನು ಬರೆದ ಮಾತಲ್ಲ. ಸೊಸೆಯ ಕಣ್ಣಲ್ಲಿ ಗ್ಲಿಸರಿನ್ ಇಲ್ಲದೆ ನೀರು ಬಂತು. ‘ಹೂಂ’ ಎಂದರು ಅತ್ತೆ, ಸ್ಟಾಪಿನಾಚೆಯ ಹಂಪಿಗೆ. ಕಾರು ಹಾರಿತು. ನಿರ್ದೇಶಕ ಕಟ್ ಅಂದವನು, ಎದ್ದು ಬಂದು ಕಾರಿನ ಬಾಗಿಲು ತೆಗೆದು ಅವರ ಕಾಲು ಮುಟ್ಟಿದ.

ಆಮೇಲೆ ಶುರುವಾಯಿತು ರಂಪ. ಇಮ್ತಿಯಾಜ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪ್ಲೇಟ್ ನೋಡಿದ ದಿನವೇ ಅವರಿಗೆ ಗೊತ್ತಾಗಿತ್ತಂತೆ, ಹೇಳಿರಲಿಲ್ಲ. ‘ಬರಬೇಡಿ ಅಂದಿದ್ನಲ್ಲ ಅತ್ತೆ?’

‘ನಿನ್ ಕ್ಯಾಮೆರಾ ನೋಡಕ್ಕೆ ಯಾರು ಬಂದಿದ್ರು? ಪ್ರೊಡಕ್ಷನ್ ಕಾರಿಗೆ ಕಾಯ್ತಿದ್ದೆ.’

‘ಭಾನುವಾರ ರಜಾ ಅತ್ತೆ!’

‘ರಜಾ ಅಂತ ಬಸ್ ಸ್ಟಾಪು ಎದ್ದು ಹೋಗತ್ತಾ?’

ಇನ್ನೊಮ್ಮೆ ಪ್ಲೇಟ್ ತೆಗೆಯಬೇಕೇನೋ ಎಂದು ನಾನು ಹೆದರಿದ್ದೆ. ನಿರ್ದೇಶಕ ಮಾನಿಟರ್ ತೋರಿಸಿದ. ಗೋಡೆ ಕ್ಯಾಮೆರಾಕ್ಕೆ ತೀರ ಸ್ಪಷ್ಟವಾಗಿ ಕಂಡರೆ ಅದರ ಮೇಲೆ ಅಲೆ ಅಲೆಯಾಗಿ ಗೆರೆ ಬರುತ್ತವೆ, ಅದಕ್ಕೇ ಹಿನ್ನೆಲೆಯನ್ನು ಬೇಕೆಂದೇ ಮಸುಕು ಮಾಡಿ ಹಿಡಿಯುತ್ತಾರೆ. ಟಿ.ವಿ.ಯಲ್ಲಿ ಆ ಹೆಂಗಸು ಬರೀ ಒಂದು ನೀಲಿ ಮಸುಕು. ‘ಇರ್ಲಿ ಬಿಡಿ’ ಎಂದ. ಕಾಶಿಯ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಧಾರಾವಾಹಿಯಲ್ಲಿ ಯಾರು ಎಲ್ಲಿಗೇ ಹೋಗಲಿ, ಹಲಸೂರಿನ ಮೇಲೇ ಹೋದರು. ಮೈಸೂರಿಗೂ ಅದೇ ದಾರಿ, ಮಂಗಳೂರಿಗೂ ಅದೇ ದಾರಿ. ಹಲಸಿನಹಣ್ಣಿನವನು ಕೊನೆಗೂ ಮನೆ ಸೇರಿರಬೇಕು, ಮತ್ತೆ ಕಾಣಿಸಲಿಲ್ಲ. ಬಸ್ ಸ್ಟಾಪು ಬಂದಾಗಲೆಲ್ಲ ಅತ್ತೆ ಕಿಟಕಿಯ ಕಡೆ ಗದ್ದ ಎತ್ತಿ, ‘ಬಂದ್ಲಪ್ಪ ನಮ್ಮವ್ಳು’ ಎನ್ನುತ್ತಿದ್ದರು. ಒಮ್ಮೆ ಸೊಸೆಯ ಹತ್ತಿರ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: ‘ಅವಳಿಗೆ ಒಂದು ದಿನ ಲಿಫ್ಟ್ ಕೊಡ್ಬೇಕು ಕಣೆ. ಕಾಲು ನೋಯ್ತಿರತ್ತೆ.’

ಅವರು ಹೋದ ಸಂಜೆ ನಾವೆಲ್ಲ ಹಲಸೂರಿನ ಮನೆಗೆ ಹೋದೆವು. ತಂಗಿ ಬೀರುವಿನ ಮುಂದೆ ಫೋಟೋಗಳನ್ನು ಹರಡಿಕೊಂಡು ಕೂತಿದ್ದರು. ‘ಪೇಪರಿಗೆ ಕೊಡಕ್ಕೆ ಒಂದು ಫೋಟೋ ಹುಡುಕ್ತಿದೀನಿ’ ಎಂದರು. ‘ಒಂದ್ರಲ್ಲೂ ನಮ್ಮಕ್ಕ ಇಲ್ಲ. ಎಲ್ಲಾ ಅತ್ತೆಗಳೇ.’ ಜೋರಾಗಿ ಬೈದುಕೊಳ್ಳುತ್ತಲೇ ಅತ್ತರು. ಹೊರಗೆ ಹೂವಿನವಳು ಬಂದಿದ್ದಳು, ಮೊಳ ಹಾಕದೆ ಇಡೀ ಕುಕ್ಕೆ ಹೂವು ತಂದಿದ್ದಳು. ಅತ್ತೆಗೆ ಹಾರ ಹಾಕಿದರು. ನನಗೆ ನೋಡಲಾಗಲಿಲ್ಲ, ಎದ್ದು ಬೀದಿಗೆ ಬಂದೆ.

ಹದಿಮೂರರ ಕಾರ್ಯ ಮುಗಿಯುವುದಕ್ಕೂ ಕಾಯದೆ ಚಾನೆಲ್‌ನಿಂದ ಫೋನು. ಅತ್ತೆಯ ಪಾತ್ರ ಮುಗಿಸಬೇಕು, ಸೊಸೆ ಕಾರಿನಲ್ಲಿ ಮನೆಗೆ ಬರುವಾಗ ಸುದ್ದಿ ತಿಳಿಯಬೇಕು, ಬಂದರೆ ಹಾಲ್‌ನಲ್ಲಿ ಹಾರದ ಫೋಟೋ. ಬೇಡ ಎಂದು ವಾದ ಮಾಡಿದೆ. ಬೇರೆ ದಾರಿ ಏನಿದೆ ಹೇಳಿ ಎಂದರು. ಬರೆದುಕೊಟ್ಟೆ.

ಆ ಸೀನಿನ ದಿನ ಕಲಾ ವಿಭಾಗದ ಆ ಹೊಸ ಹುಡುಗಿ ಫ್ರೇಮು ಹಾಕಿಸಿದ ಫೋಟೋವನ್ನು ಮೇಜಿನ ಮೇಲೆ ಒರಗಿಸಿ, ಹಾರವನ್ನು ಕೈಯಲ್ಲಿ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಇಮ್ತಿಯಾಜ್ ಕಾರಿನ ಹತ್ತಿರ ಬಂದು ಸೊಸೆಯನ್ನು ಕೇಳಿದರು, ‘ಬೇರೆ ರೋಡ್ ಹಾಕ್ಲಾ ಮೇಡಂ?’

‘ಬೇಡ ಭಾಯ್. ಅದೇ ಇರ್ಲಿ.’

ಗೋಡೆ ಹತ್ತಿಕೊಂಡಿತು. ಬಾಗಿಲು ಹಾಕಿದ ಅಂಗಡಿಗಳು ಬಂದವು, ಇಡ್ಲಿ ಹೋಟೆಲು, ಹಾಲಿನ ಬಂಡಿ. ಸೊಸೆ ಕಿವಿಗೆ ಫೋನು ಹಿಡಿದು ನಾನು ಬರೆದ ಸುದ್ದಿಯನ್ನು ಕೇಳಿಸಿಕೊಳ್ಳಬೇಕಿತ್ತು. ಫೋನು ಮಡಿಲಲ್ಲೇ ಉಳಿಯಿತು. ಕಿಟಕಿಯಲ್ಲಿ ಬಸ್ ಸ್ಟಾಪು ಬರುತ್ತಿತ್ತು.

‘ಗಾಡಿ ನಿಲ್ಸಿ’ ಎಂದಳು.

ಡ್ರೈವರ್ ಪಾತ್ರದವನು ಕಕ್ಕಾಬಿಕ್ಕಿಯಾಗಿ, ನಿಂತೇ ಇದ್ದ ಕಾರಿನ ಬ್ರೇಕ್ ಒತ್ತಿದ. ಮರದ ಪಟ್ಟಿಯವರ ಕೈ ನಿಂತಿತು. ಅತ್ತ ಕಂಪ್ಯೂಟರಿನ ಮುಂದೆ ಇಮ್ತಿಯಾಜ್ ಒಂದು ಗುಂಡಿ ಒತ್ತಿದರು. ಹಲಸೂರು ಹಾಗೇ ನಿಂತುಬಿಟ್ಟಿತು. ಅತ್ತೆ ನೀಲಿ ಸೀರೆಯಲ್ಲಿ, ಬುಟ್ಟಿ ಹಿಡಿದುಕೊಂಡು, ಹಣೆಗೆ ಅಂಗೈ ಅಡ್ಡ ಇಟ್ಟು ನಮ್ಮನ್ನೇ ನೋಡುತ್ತಿದ್ದರು.

ಸೊಸೆ ಆ ಕಡೆಯ ಬಾಗಿಲು ತೆಗೆದಳು.

‘ಬನ್ನಿ ಅತ್ತೆ. ಎಷ್ಟೊತ್ತಿಂದ ನಿಂತಿದೀರಾ. ಹತ್ಕೊಳ್ಳಿ.’

ಸೀಟಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಯಾರೂ ಕಟ್ ಅನ್ನಲಿಲ್ಲ. ಸ್ವಲ್ಪ ಹೊತ್ತು ಕಾದು, ಸೆರಗು ಸಿಕ್ಕದಂತೆ ನೋಡಿಕೊಂಡು ಮೆಲ್ಲಗೆ ಬಾಗಿಲು ಹಾಕಿ, ‘ಹೊರಡಿ’ ಎಂದಳು. ಇಮ್ತಿಯಾಜ್ ರಸ್ತೆಯನ್ನು ಬಿಟ್ಟರು. ಸ್ಟಾಪು ಹಿಂದಕ್ಕೆ ಹೋಯಿತು, ಅದರಾಚೆಯ ಹಂಪು ಬಂತು. ಪಟ್ಟಿಯವರು ಎತ್ತದೆ ಸುಮ್ಮನೆ ಕಾಯುತ್ತಿದ್ದರು.

‘ಹೂಂ’ ಎಂದಳು ಸೊಸೆ. ಕಾರು ಹಾರಿತು.

ಕಟ್ ಅಂದ ನಿರ್ದೇಶಕ ಮುಖ ಒರೆಸಿಕೊಂಡು, ಹಾರ ಹಿಡಿದು ನಿಂತಿದ್ದ ಹುಡುಗಿಯ ಕಡೆ ತಿರುಗಿದ. ‘ಅದನ್ನ ಒಳಗಿಡಮ್ಮ’ ಎಂದ. ‘ಅತ್ತೆ ಕಾರಲ್ಲಿ ಬರ್ತಿದಾರೆ.’